ಕುಟುಂಬದ ಗುಂಪಿಗೆ ಬಂದ ಚಿನ್ನದ ಫೈಬರ್

ಸರೋಜತ್ತೆ: *ಫಾರ್ವರ್ಡ್* ಚಿನ್ನ ಲೇಪಿಸಿದ ಗಾಜಿನ ಎಳೆ ಬಂದಿದೆ! ಹಾಲಿಗೆ ಅದ್ದಿದರೆ ಸಾಕು, ಎಲ್ಲ ವಿಷವೂ ತಕ್ಷಣ ಗೊತ್ತಾಗುತ್ತದೆ. ಎಲ್ಲರಿಗೂ ಕಳಿಸಿ.

ಸರೋಜತ್ತೆ: ಪ್ಯಾಕೆಟ್ ಹಾಲು ಬೇಡ ಅಂತ ನಾನು ಮೊದಲೇ ಹೇಳಿರಲಿಲ್ವಾ?

ಸುಮಾ: ಅತ್ತೆ, ಇದು ಎಲ್ಲಿಂದ ಬಂತು? ಯಾರು ಮಾಡಿದ್ದು, ಯಾವಾಗ, ಏನೂ ಇಲ್ಲವಲ್ಲ.

ದೊಡ್ಡಪ್ಪ: ಒಳ್ಳೆಯದಾಗಲಿ ಅಂತ ಕಳಿಸಿದ್ದಾಳೆ. ದೊಡ್ಡವರ ಮಾತು ಮೊದಲು ಪೂರ್ತಿ ಓದಬೇಕು. ಹಾಲಿಗೆ ನೀರು ಬೆರೆಸುವುದೂ ಪಾಪ ಅಂತ ಬೆಳೆದವರು ನಾವು.

ರಘು: ಅಜ್ಜಿ ಕೊಟ್ಟಿಗೆ ನೆನಪಾಯ್ತು ದೊಡ್ಡಪ್ಪ. ಗೌರಿಯ ನೊರೆಹಾಲು, ಆ ಹಿತ್ತಾಳೆ ಚೊಂಬು...

ದೊಡ್ಡಪ್ಪ: ಗೌರಿಯನ್ನು ಮಾರಿದ್ದು ಯಾರು ಅಂತ ನಿಮ್ಮಪ್ಪನನ್ನೇ ಕೇಳು.

ಚಿಕ್ಕಪ್ಪ: ಅಮ್ಮನ ಆಪರೇಷನ್‌ಗೆ ದುಡ್ಡು ಹೊಂದಿಸೋಕೆ ಮಾರಿದ್ದು ಅಣ್ಣಾ. ಮಕ್ಕಳ ಮುಂದೆ ಮತ್ತೆ ಯಾಕೆ ಆ ಮಾತು?

ಸುಮಾ: ಅತ್ತೆ, ಫೈಬರ್ ಸುಳ್ಳಲ್ಲ. "ಎಲ್ಲ ವಿಷ" ಅನ್ನೋದು ಸುಳ್ಳು. ಇಂಟರ್ನೆಟ್ ಕೇಬಲ್ಲಿನ ಫೈಬರ್ 125 ಮೈಕ್ರಾನ್ ದಪ್ಪ ಇರುತ್ತದೆ. ಒಂದು ಕಡೆ ಅದರ ಹೊರಪದರ ತೆಗೆದು ಸುಮಾರು 50 ನ್ಯಾನೊಮೀಟರ್ ಚಿನ್ನ ಹಚ್ಚುತ್ತಾರೆ. ಒಳಗಿನ ಬೆಳಕು ಚಿನ್ನದ ಎಲೆಕ್ಟ್ರಾನ್‌ಗಳನ್ನು ಅಲುಗಿಸುತ್ತದೆ. ಒಂದು ಬಣ್ಣ ಅಲ್ಲೇ ಹೀರಿಹೋಗುತ್ತದೆ. ಚಿನ್ನದ ಮೇಲೆ ಅಣುಗಳು ಕೂತರೆ ಆ ಬಣ್ಣ ಸ್ವಲ್ಪ ಸರಿಯುತ್ತದೆ. ಅದನ್ನು ಅಳೆಯಲು ಸ್ಪೆಕ್ಟ್ರೋಮೀಟರ್, ಅಂದರೆ ಬೆಳಕಿನ ಬಣ್ಣಗಳನ್ನು ಬಿಡಿಸಿ ಅಳೆಯುವ ಯಂತ್ರ, ಬೇಕು.

ಸರೋಜತ್ತೆ: ಅಂದರೆ ಗೊತ್ತಾಗುತ್ತದೆ, ಅಲ್ವಾ?

ಸುಮಾ: ಏನೋ ಕೂತಿದೆ ಅಂತ ಗೊತ್ತಾಗುತ್ತದೆ, ಏನು ಅಂತ ಅಲ್ಲ. ಹಾಲಿನ ಪ್ರೋಟೀನೂ ಅಂಟುತ್ತದೆ. ಕಲಬೆರಕೆ ಮಾಡುವ ಯೂರಿಯಾ ಪತ್ತೆಗೆ, ಅದನ್ನು ಒಡೆಯುವ ಯೂರಿಯೇಸ್ ಕಿಣ್ವದಂಥ ಬೇರೆ ಲೇಪವೇ ಬೇಕು. ಸೋಪಿನಪುಡಿಗೆ ಮತ್ತೊಂದು ದಾರಿ. ಯೂರಿಯಾ ಒಳ್ಳೆಯ ಹಾಲಲ್ಲೂ ಸಹಜವಾಗಿ ಇರುತ್ತದೆ. ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಇಟ್ಟ ಮಿತಿ 700 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗದಲ್ಲಿ 700 ಭಾಗ. ಇದೆಯಾ ಅಂತಲ್ಲ, ಎಷ್ಟಿದೆ ಅಂತ ನೋಡಬೇಕು.

ದೊಡ್ಡಪ್ಪ: ಬೆಳಕಿನ ಸಂಶೋಧನೆಗೆ 1930ರಲ್ಲೇ ನೊಬೆಲ್ ತಂದವರು ನಮ್ಮ ರಾಮನ್. ಈಗಿನವರಿಗೆ ಎಲ್ಲದಕ್ಕೂ ಅನುಮಾನ.

ಸುಮಾ: ರಾಮನ್ ಅಳೆದು ತೋರಿಸಿದ್ದರಿಂದಲೇ ನೊಬೆಲ್ ಬಂತು ದೊಡ್ಡಪ್ಪ. ಅಣುವಿಗೆ ತಾಗಿ ಚದುರಿದ ಬೆಳಕಿನಲ್ಲಿ ಸ್ವಲ್ಪ ಭಾಗದ ಬಣ್ಣ ಬದಲಾಗುತ್ತದೆ, ಅದೇ ರಾಮನ್ ಪರಿಣಾಮ. ಅದರಿಂದ ಯಾವ ಅಣು ಅಂತಲೂ ಗುರುತಿಸಬಹುದು. ಆದರೆ ಹಾಗೆ ಬಣ್ಣ ಬದಲಾದ ಬೆಳಕು ತುಂಬಾ ಕ್ಷೀಣ. ಫೈಬರ್ ತುದಿಗೆ ಬೆಳ್ಳಿಯ ನ್ಯಾನೊಕಣ ಕೂರಿಸಿ ಅದನ್ನು ಹೆಚ್ಚಿಸುತ್ತಾರೆ.

ಸರೋಜತ್ತೆ: ಡೆಂಗಿಗೆ ಪಪ್ಪಾಯಿ ಎಲೆ ಅಂತ ಕಳಿಸಿದಾಗಲೂ ಇವಳು ಹೀಗೇ ಮಾಡಿದಳು. ನನ್ನ ಮಾತಿಗೆ ಬೆಲೆನೇ ಇಲ್ಲ.

ಸುಮಾ: ನಿಮ್ಮ ಮೇಲೆ ಕೋಪ ಇಲ್ಲ ಅತ್ತೆ. ಹಾಲಿನ ಭಯ ನನಗೂ ಇದೆ, ಮನೆಯಲ್ಲಿ ಮಗು ಇದೆ. ಸ್ಯಾಂಪಲ್ ಲ್ಯಾಬಿಗೆ ಕೊಡೋಣ, ನಾನೇ ಬರ್ತೀನಿ. ಈ ಮೆಸೇಜ್ ಬೇರೆ ಕಡೆ ಕಳಿಸಿದ್ದರೆ ಅಳಿಸಿಬಿಡಿ.

ಸರೋಜತ್ತೆ: ಆಗಲೇ ಭಜನಾ ಮಂಡಳಿಗೂ ಹೋಯ್ತು.

ಚಿಕ್ಕಪ್ಪ: ಅಣ್ಣಾ, ಫೋನ್ ಎತ್ತು.