‘ಸಾಲಿ ಯಾರ್ದು?’: ಹೈಸ್ಕೂಲ್ ಗ್ರೂಪ್‌ನ್ಯಾಗ ರಾತ್ರಿ ನಡೆದ ಜಗಳ

ಬಸು ಸಿಂಧನೂರು: (ಫಾರ್ವರ್ಡ್) ಶಿಕ್ಷಣ ಮೊದಲು ರಾಜ್ಯಪಟ್ಟಿಯಲ್ಲಿತ್ತು. 1976ರಲ್ಲಿ ತುರ್ತು ಪರಿಸ್ಥಿತಿ ಹೊತ್ತಿನಲ್ಲಿ 42ನೇ ತಿದ್ದುಪಡಿ ತಂದು, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಗೆ ಹಾಕಿದರು. ನಮ್ಮ ಶಾಲೆ ನಮ್ಮ ಕೈಗೆ ವಾಪಸ್ ಬರಲಿ. ಕನ್ನಡಿಗರಾದರೆ ಹತ್ತು ಗ್ರೂಪಿಗೆ ಕಳಿಸಿ.

ಬಸು ಸಿಂಧನೂರು: ಓದ್ರಿ ಎಲ್ರೂ. ತಮಿಳುನಾಡಿನವ್ರು ರಾಜ್ಯದ ಹಕ್ಕು ಏನೇನು ಹೋಗ್ಯಾವ ನೋಡ್ರಿ ಅಂತ 2025ರಾಗ ಸುಪ್ರೀಂ ಕೋರ್ಟಿನ ನಿವೃತ್ತ ಜಡ್ಜ್ ಕುರಿಯನ್ ಜೋಸೆಫ್ ಅವ್ರ ಕಮಿಟಿನ ಮಾಡಿಬಿಟ್ಟಾರ. ನಾವು ರೀಲ್ಸ್ ನೋಡ್ಕಂತ ಕುಂತೀವಿ

ವೀರೇಶ ವಕೀಲ: ಏನಪಾ ಬಸು, ಗೊಬ್ಬರದ ಅಂಗಡಿ ಬಾಗ್ಲಾ ಹಾಕಿದ ಕೂಡ್ಲೆ ಸಂವಿಧಾನ ನೆನಪಾತೇನು. ತಿದ್ದುಪಡಿ ಖರೆ. ಆದ್ರ ಅದಕ್ಕಿಂತ ಮೊದ್ಲು 25 ವರ್ಷ ರಾಜ್ಯದ ಕೈಯಾಗ ಇತ್ತಲ್ಲ, ರಾಯಚೂರು ಕೊಪ್ಪಳಕ್ಕ ಏನ್ ಬಂತು ಹೇಳು. ಯಾವ ತಾಲೂಕು ಎಷ್ಟು ಹಿಂದುಳಿದೈತಿ ಅಂತ ಲೆಕ್ಕ ಹಾಕಿದ 2002ರ ನಂಜುಂಡಪ್ಪ ವರದಿ ತೆಗದು ನೋಡು, ಅತ್ಯಂತ ಹಿಂದುಳಿದ ತಾಲೂಕು 39, ಅದ್ರಾಗ 21 ನಮ್ಮ ಕಲಬುರ್ಗಿ ವಿಭಾಗದಾಗ ಅದಾವು. ಹಿಂದಕ್ಕ ಇಟ್ಟದ್ದು ದಿಲ್ಲಿ ಅಲ್ಲ, ಬೆಂಗಳೂರು

ವೀರೇಶ ವಕೀಲ: ನಮ್ಮ ಭಾಗಕ್ಕ ಸೀಟು, ನೌಕರಿ ಮೀಸಲು ಕೊಡೋ 371(ಜೆ) ಎಲ್ಲಿಂದ ಬಂತು? ಪಾರ್ಲಿಮೆಂಟಿನಾಗ 98ನೇ ತಿದ್ದುಪಡಿ ಆಗಿ ಬಂತು. ನಿನ್ನ ಮಗಳಿಗೆ ಮೆಡಿಕಲ್ ಸೀಟು ಯಾವ ಕೋಟಾದಾಗ ಸಿಕ್ತು ಅಂತ ಗ್ರೂಪಿನಾಗ ಹೇಳ್ಲೇನು

ಬಸು ಸಿಂಧನೂರು: ಮಗಳನ್ನ ಯಾಕ ಎಳಿತೀಯಲೇ

ಮಂಜ್ಯಾ ಡಲ್ಲಾಸ್: ಇಲ್ಲಿ ಬೆಳಿಗ್ಗಿ ಈಗ, ಚಾ ಕುಡ್ಕಂತ ಓದಾಕತ್ತೀನಿ, ಮುಂದುವರಸ್ರಿ

ವೀರೇಶ ವಕೀಲ: ಮುದಗಲ್ಲಾಗ ನವೋದಯ ಐತಿ, ಕುಕನೂರಾಗ ನವೋದಯ ಐತಿ. ಹೊಲದಾಗ ಕೂಲಿ ಮಾಡೋರ ಮಕ್ಳು ಅಲ್ಲಿ ಓದಿ ಎಲ್ಲೆಲ್ಲಿಗೋ ಹೋಗ್ಯಾರ. ಅದನ್ನ ನಡಸೋರು ಯಾರು? ದಿಲ್ಲಿಯವ್ರು. ರಾಜ್ಯ ನಡಸೋ ಸಾಲಿ ಪರಿಸ್ಥಿತಿ ನಾ ಏನ್ ಹೇಳ್ಲಿ, ರೇಣುಕಾ ಟೀಚರ್ರು ಗ್ರೂಪಿನಾಗ ಅದಾರ, ಬಾಯಿ ಮುಚ್ಕಂಡಿರ್ತೀನಿ

ಬಸು ಸಿಂಧನೂರು: ನವೋದಯ ಅಂದ್ರ ಆರನೇತ್ತಕ್ಕ ಒಂದು ಜಿಲ್ಲಾಕ್ಕ 80 ಸೀಟು ಮಾರಾಯಾ. ಪರೀಕ್ಷೆ ಮಾಡಿ ಸೋಸಿ ತಗಂಡು, ಹಾಸ್ಟೆಲ್ ಕೊಟ್ಟು, ಊಟ ಕೊಟ್ಟು ಓದಿಸಿದ್ರ ಯಾರಾದ್ರೂ ಓದ್ತಾರ. ಉಳಿದ ಹುಡುಗ್ರು? ದಿಲ್ಲಿಯವ್ರ ನಂಬಿಕಿ ಕಥಿ ಕೇಳು. ಆದರ್ಶ ವಿದ್ಯಾಲಯ ಅಂತ ಹಿಂದುಳಿದ ತಾಲೂಕಿಗೆ ಒಂದೊಂದು ಇಂಗ್ಲಿಷ್ ಮೀಡಿಯಂ ಸಾಲಿ ಕೊಟ್ರು, ನಮ್ ರಾಜ್ಯಕ್ಕ 74. ಎಲ್ಲಾ ತಯಾರಾಗಿ ಮಕ್ಳು ಸೇರಿದ ಮ್ಯಾಲ 2015ರಾಗ ಈ ಸ್ಕೀಮಿಗೆ ಇನ್ ರೊಕ್ಕ ಕೊಡಂಗಿಲ್ಲ, ನೀವ ನಡಸ್ಕೋರಿ ಅಂದ್ರು. ಈಗ ರಾಜ್ಯನ ನಡಸಾಕತ್ತೈತಿ. ಪಿಎಂ ಶ್ರೀ ಅನ್ನೋ ದಿಲ್ಲಿ ಸಾಲಿ ಸ್ಕೀಮಿನ ವಿಷಯದಾಗ ತಮಿಳುನಾಡು ಸಹಿ ಹಾಕ್ಲಿಲ್ಲ ಅಂದದ್ದಕ್ಕ ಸಮಗ್ರ ಶಿಕ್ಷಣ ಅನ್ನೋ ಬ್ಯಾರೆ ಸ್ಕೀಮಿನ ರೊಕ್ಕನ ತಡದ್ರು, ಎರಡು ಸಾವಿರ ಕೋಟಿಗೂ ಮ್ಯಾಲ, ಸುಪ್ರೀಂ ಕೋರ್ಟಿಗೆ ಹೋಗ್ಬೇಕಾತು. ಇದು ಸಾಲಿ ನಡಸೋ ರೀತಿ ಅಲ್ಲ, ಸಾಲ ವಸೂಲಿ ಮಾಡೋ ರೀತಿ

ಖಾಜಾ ಗ್ಯಾರೇಜ್: ಬಸಣ್ಣ ಭಾಷಣ ಚಲೋ ಐತಿ

ಖಾಜಾ ಗ್ಯಾರೇಜ್: ಒಂದು ಮಾತು ಹೇಳ್ತೀನಿ. ನಮ್ಮಜ್ಜ ನಿಜಾಮನ ಕಾಲ್ದಾಗ ಓದಿದವ್ರು, ಎಲ್ಲಾ ಉರ್ದುದಾಗ. ಮನಿ ಮಾತು ಉರ್ದು ಅಂತ ಅವ್ರಿಗೆ ತ್ರಾಸ ಆಗ್ಲಿಲ್ಲ, ಪಕ್ಕದ ಮನಿ ಗೆಳ್ಯಾ ಒಬ್ಬಾವ ಎರಡನೇತ್ತಕ್ಕ ಸಾಲಿ ಬಿಟ್ಟು ಎಮ್ಮಿ ಕಾಯಾಕ ಹೋದ ಅಂತಿದ್ರು. ಹೈದರಾಬಾದಿನಾಗ ಕುಂತು ಎಲ್ರಿಗೂ ಒಂದ ಭಾಷಿ ಅಂದ್ರ ಹಂಗ ಆಗೋದು. ರಾಯಚೂರಾಗ ಪಂಡಿತ ತಾರಾನಾಥರು ಹಮ್‌ದರ್ದ್ ಸಾಲಿ ತೆಗದ್ರಲ್ಲ 1920ರ ದಶಕದಾಗ, ಅದು ಊರವ್ರು ಸೇರಿ ನಡಸಿದ ಸಾಲಿ. ನಂದು ಬಸಣ್ಣನ ಪಾರ್ಟಿ, ಆದ್ರ ಅರ್ಧ ಅಷ್ಟ. ಬೆಂಗಳೂರಿಗೆ ಕೊಟ್ರ ನಮ್ಮ ಕೈಗೆ ಬಂತು ಅಂತ ಹೆಂಗ ಆಗ್ತೈತಿ? ಸಿಂಧನೂರಿಂದ ಹೈದರಾಬಾದ್ ಎಷ್ಟ್ ದೂರ, ಬೆಂಗಳೂರು ಎಷ್ಟ್ ದೂರ ಮ್ಯಾಪಿನಾಗ ನೋಡ್ರಿ

ವೀರೇಶ ವಕೀಲ: ಖಾಜಾ ಸಾಹೇಬ್ರು ಎಸ್‌ಡಿಎಂಸಿ ಅಧ್ಯಕ್ಷರು, ಗೌರವ ಕೊಡ್ರಪಾ. ಅಂದಂಗ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆದಾಗ ಸಾಲಿ ಸಮಿತಿಗೆ ಮುಕ್ಕಾಲು ಪಾಲು ಪಾಲಕರ ಇರ್ಬೇಕು, ಅರ್ಧ ಹೆಂಗಸ್ರು ಇರ್ಬೇಕು ಅಂತ ಬರದದ್ದು 2009ರ ದಿಲ್ಲಿ ಕಾಯ್ದೆ

ಬಸು ಸಿಂಧನೂರು: ಕರ್ನಾಟಕದಾಗ ಎಸ್‌ಡಿಎಂಸಿ 2001ರಾಗ ಬಂದೈತಿ ವಕೀಲ್ರ. ದಿಲ್ಲಿ ಎಂಟು ವರ್ಷ ಲೇಟು

ಖಾಜಾ ಗ್ಯಾರೇಜ್: ಯಾರ್ ಮೊದ್ಲು ತಂದ್ರು ಬಿಡ್ರಿ, ನನ್ ಅಧಿಕಾರ ಏನೈತಿ ಕೇಳ್ರಿ. ಚೆಕ್ಕಿಗೆ ಸಹಿ. 100ರಿಂದ 250 ಮಕ್ಳಿದ್ರ ಸಾಲಿ ಅನುದಾನ ವರ್ಷಕ್ಕ 50,000. ಅದ್ರಾಗ ಸೀಮೆಸುಣ್ಣ, ಕರೆಂಟು, ನಲ್ಲಿ ರಿಪೇರಿ, ಸುಣ್ಣ ಬಣ್ಣ, ಇಂಟರ್ನೆಟ್. ಕಿಟಕಿ ಬಾಗ್ಲಾ ಮುರದ್ರ ನಾನ ಗ್ಯಾರೇಜಿನಿಂದ ವೆಲ್ಡಿಂಗ್ ಮಷಿನ್ ಹೊತ್ಕಂಡು ಹೋಗಿ ಬಡದು ಬರ್ತೀನಿ. ಗಣಿತದ ಮಾಸ್ತರ್ ಇಲ್ಲ, ಕೊಡ್ರಿ ಅಂತ ಬಿಇಓ ಆಫೀಸಿಗೆ ಹೋದ್ರ ಅವ್ರು ಡಿಡಿಪಿಐ ಕಡೆ ಕೈ ತೋರಿಸ್ತಾರ, ಅವ್ರು ಬೆಂಗಳೂರು ಕಡೆ ಕೈ ತೋರಿಸ್ತಾರ. ದಿಲ್ಲಿ ಮಟಾ ಹೋಗೋ ಪ್ರಸಂಗನ ಬರಂಗಿಲ್ಲ

ಬಸು ಸಿಂಧನೂರು: ಅದನ್ನ ಹೇಳಾಕತ್ತೀನಿ ನಾನೂ

ಖಾಜಾ ಗ್ಯಾರೇಜ್: ಇಲ್ಲ ನೀ ಅದನ್ನ ಹೇಳಾಕತ್ತಿಲ್ಲ

ರೇಣುಕಾ ಟೀಚರ್: ಈಗ ಅಡುಗಿ ಮುಗಿಸಿ ಫೋನ್ ತಗಂಡೆ, 60 ಮೆಸೇಜ್. ವೀರೇಶಣ್ಣ ಬಾಯಿ ಮುಚ್ಕಂಡಿದ್ದಕ್ಕ ಥ್ಯಾಂಕ್ಸ್

ರೇಣುಕಾ ಟೀಚರ್: ನೀವೆಲ್ರೂ ಪಟ್ಟಿ ಪಟ್ಟಿ ಅಂತ ಜಗಳಾಡಾಕತ್ತೀರಿ, ನನ್ ದಿನ ಹೆಂಗ ಹೋಗ್ತೈತಿ ಹೇಳ್ತೀನಿ ಕೇಳ್ರಿ. ನಮ್ ಸಾಲ್ಯಾಗ ಒಬ್ಬಾಕಿ ಹುಡುಗಿ ಅದಾಳ, ಹಾಜರಿ ಪುಸ್ತಕದಾಗ ಹುಲಿಗೆಮ್ಮ, ಆಧಾರದಾಗ ಹುಲಗಮ್ಮ, ಜನನ ಪ್ರಮಾಣಪತ್ರದಾಗ ಹುಲಿಗೆವ್ವ. ಮಕ್ಳ ಲೆಕ್ಕ ಇಡೋ ರಾಜ್ಯದ ಪೋರ್ಟಲ್ ಸ್ಯಾಟ್ಸ್‌ನ್ಯಾಗ ಒಂದು ಹಾಕ್ಬೇಕು, ಕೇಂದ್ರದ ಪೋರ್ಟಲ್ ಯು-ಡೈಸ್‌ನ್ಯಾಗ ಮತ್ತ ಅದನ್ನ ಹಾಕ್ಬೇಕು, ಈಗ ಅಪಾರ್ ಐಡಿ ಅಂತ ಬಂದೈತಿ ಒಂದು ದೇಶ ಒಂದು ನಂಬರ್, ಹೆಸರು ಆಧಾರಕ್ಕ ತಾಳೆ ಆಗ್ಲಿಲ್ಲ ಅಂದ್ರ ತಗಳಂಗಿಲ್ಲ. ಅವ್ರವ್ವ ಕೂಲಿ ಬಿಟ್ಟು ಆಧಾರ್ ಸೆಂಟರಿಗೆ ಹೋದ್ಲು, ಸರ್ವರ್ ಇಲ್ಲ ಅಂತ ಕಳಿಸಿದ್ರು, ಮತ್ತ ಹೋದ್ಲು, ಮೂರನೇ ಸಲ ಕರದ್ರ ಟೀಚರ್ ನಮ್ ಹುಡುಗಿ ಹೆಸರು ಬ್ಯಾರೆ ಏನಾರ ಇಟ್ಬಿಡ್ರಿ ಅಂದ್ಲು. ಇಷ್ಟ್ರಾಗ ಬೆಂಗಳೂರಿನವ್ರದು ಒಂದು, ದಿಲ್ಲಿಯವ್ರದು ಒಂದು, ಇಬ್ರಿಗೂ ನಾನ ಗುಮಾಸ್ತಿ. ಹುಡುಗಿಗೆ ಭಾಗಾಕಾರ ಬರಂಗಿಲ್ಲ, ಅದನ್ನ ಯಾವ ಪೋರ್ಟಲ್ಲೂ ನನಗ ಕೇಳಂಗಿಲ್ಲ

ಮಂಜ್ಯಾ ಡಲ್ಲಾಸ್: ಯಪ್ಪಾ

ರೇಣುಕಾ ಟೀಚರ್: ರಾಜ್ಯದ ಕೈಯಾಗ ಇದ್ರ ಚಲೋ ಅನ್ನೋರು 2024ರ ಮಾರ್ಚ್ ನೆನಪು ಮಾಡ್ಕೋರಿ. 5, 8, 9ನೇತ್ತಕ್ಕ ಬೋರ್ಡ್ ಪರೀಕ್ಷೆ ಅಂದ್ರು. ಹೈಕೋರ್ಟ್ ಬ್ಯಾಡ ಅಂತು, ಡಬಲ್ ಬೆಂಚ್ ಮಾಡ್ರಿ ಅಂತು, ಪರೀಕ್ಷೆ ಶುರು ಆತು, ನಡುವ ಸುಪ್ರೀಂ ಕೋರ್ಟ್ ನಿಲ್ಲಿಸ್ತು, ಮತ್ತ ಹೈಕೋರ್ಟ್ ಹೂಂ ಅಂತು, ಉಳಿದ ಪೇಪರ್ ಬರಿಸಿದ್ವಿ, ರಿಸಲ್ಟ್ ದಿನ ಸುಪ್ರೀಂ ಕೋರ್ಟ್ ರಿಸಲ್ಟನ್ನ ತಡೀತು. ಹತ್ತು ವರ್ಷದ ಮಕ್ಳು ಟೀಚರ್ ನಾಳಿ ಐತೋ ಇಲ್ಲೋ ಅಂತ ದಿನಾ ಕೇಳೋವು. ಪಠ್ಯಪುಸ್ತಕ 2022ರಾಗ ಒಂದು ಸರ್ಕಾರ ತಿದ್ದಿತು, 2023ರಾಗ ಇನ್ನೊಂದು ಸರ್ಕಾರ ತಿದ್ದಿತು. ಇದ್ರಾಗ ದಿಲ್ಲಿದು ಏನೂ ಇಲ್ಲ ಬಸಣ್ಣ

ಬಸು ಸಿಂಧನೂರು: ಟೀಚರ್ ನೀವು ಸರ್ಕಾರಿ ನೌಕರಿದಾಗ ಇದ್ಕಂಡು ಹಿಂಗ ಬರಿಯೋದು ಹುಷಾರಪಾ, ಸ್ಕ್ರೀನ್‌ಶಾಟ್ ಹೋಗ್ತಾವ

ರೇಣುಕಾ ಟೀಚರ್: ಹೋಗ್ಲಿ

ವೀರೇಶ ವಕೀಲ: ನೋಡಿದ್ಯಾ, ಅದಕ್ಕ ಒಂದ ದೇಶಕ್ಕ ಒಂದ ನೀತಿ ಇದ್ರ ಹೊಯ್ದಾಟ ಇರಂಗಿಲ್ಲ. ದಿಲ್ಲಿಯವ್ರ ಹೊಸ ಶಿಕ್ಷಣ ನೀತಿ ಎನ್‌ಇಪಿ ನಾವ ಮೊದ್ಲು ಅಂತ ಎದಿ ಉಬ್ಬಿಸಿ 2021ರಾಗ ಡಿಗ್ರಿಗೆ ತಂದದ್ದು ಈ ರಾಜ್ಯನ, ಸರ್ಕಾರ ಬದ್ಲಾದ ಮ್ಯಾಲ ಬ್ಯಾಡ ಅಂತ ರಾಜ್ಯದ್ದ ಬ್ಯಾರೆ ನೀತಿ ಬರಿಯಾಕ ಥೋರಟ್ ಆಯೋಗ ಮಾಡಿದ್ದೂ ಈ ರಾಜ್ಯನ. ನಡುವ ಸೇರಿದ ಹುಡುಗ್ರಿಗೆ ಡಿಗ್ರಿ ಮೂರು ವರ್ಷನೋ ನಾಕು ವರ್ಷನೋ ತಿಳೀಲಿಲ್ಲ

ಮಂಜ್ಯಾ ಡಲ್ಲಾಸ್: ಬಸು ಹೇಳೋದರ ಕೊನೀ ತುದಿ ನಾ ಇಲ್ಲಿ ನೋಡಾಕತ್ತೀನಿ. ಅಮೆರಿಕದಾಗ ಸಾಲಿ ಖರೇನ ಊರವ್ರ ಕೈಯಾಗ ಐತಿ. ಸ್ಕೂಲ್ ಬೋರ್ಡಿಗೆ ಎಲೆಕ್ಷನ್ ಆಗ್ತೈತಿ, ಸಭಾಕ್ಕ ಹೋಗಿ ಮೈಕ್ ಹಿಡದು ಬೈಬೋದು. ದಿಲ್ಲಿ ಅನ್ನಂಗ ವಾಷಿಂಗ್ಟನ್ನಿನ ರೊಕ್ಕ ಹತ್ತರಾಗ ಒಂದು ಪಾಲು ಆಗಬೋದು ಅಷ್ಟ, ಅವ್ರ ಶಿಕ್ಷಣ ಇಲಾಖೆ ಹುಟ್ಟಿದ್ದ 1979ರಾಗ, ಅದನ್ನೂ ಮುಚ್ರಿ ಅಂತ ಟ್ರಂಪ್ 2025ರ ಮಾರ್ಚ್‌ನ್ಯಾಗ ಆದೇಶ ಮಾಡ್ಯಾನ. ಆದ್ರ ಸಾಲಿ ನಡಿಯೋದು ಮನಿ ಟ್ಯಾಕ್ಸ್ ಮ್ಯಾಲ. ದೊಡ್ಡ ಮನಿ ಇದ್ದ ಏರಿಯಾಕ್ಕ ಈಜುಕೊಳ ಇರೋ ಸಾಲಿ, ಬಡವರ ಏರಿಯಾಕ್ಕ ಸೋರೋ ಸಾಲಿ. ಇದು ಅನ್ಯಾಯ ಅಂತ ಸ್ಯಾನ್ ಆಂಟೋನಿಯೋ ಪಾಲಕರು ಕೇಸ್ ಹಾಕಿದ್ರು, 1973ರಾಗ ಸುಪ್ರೀಂ ಕೋರ್ಟಿನಾಗ 5-4ರಿಂದ ಸೋತ್ರು. ಆಮ್ಯಾಲ ಟೆಕ್ಸಾಸ್ ರಾಜ್ಯನ ಶ್ರೀಮಂತ ಊರಿಂದ ಒಂದಿಷ್ಟು ತಗಂಡು ಬಡ ಊರಿಗೆ ಕೊಡೋ ವ್ಯವಸ್ಥಾ ಮಾಡ್ಕಂಡೈತಿ, ಅದಕ್ಕ ಜನ ರಾಬಿನ್ ಹುಡ್ ಅಂತಾರ, ಶ್ರೀಮಂತ ಊರವ್ರು ಇನ್ನೂ ಬೈತಾರ. ದೇವದುರ್ಗದಾಗ ಮನಿ ಟ್ಯಾಕ್ಸ್ ಮ್ಯಾಲ ಸಾಲಿ ನಡಸ್ರಿ ಅಂದ್ರ ಏನಾಗ್ತೈತಿ ವಿಚಾರ ಮಾಡ್ರಿ

ಬಸು ಸಿಂಧನೂರು: ದೇವದುರ್ಗ ಬ್ಯಾಡ, ಸಿಂಧನೂರಿನಾಗ ನಡಿತೈತಿ, ರೈಸ್ ಮಿಲ್ ಅದಾವು

ಖಾಜಾ ಗ್ಯಾರೇಜ್: ಮಿಲ್ಲಿನವ್ರ ಮಕ್ಳು ನಮ್ ಸಾಲಿಗೆ ಬರ್ತಾರೇನು ಬಸಣ್ಣ

ಹನುಮಕ್ಕ ಬಳ್ಳಾರಿ: ನಾನು ಗ್ರೂಪಿನಾಗ ಬರಿಯೋದು ಕಡಿಮಿ. ಊರವ್ರ ಕೈಗೆ ಕೊಡ್ರಿ ಊರವ್ರ ಕೈಗೆ ಕೊಡ್ರಿ ಅಂತ ಎಲ್ರೂ ಅನ್ನಾಕತ್ತೀರಿ, ಊರು ಅಂದ್ರ ಯಾರು? ನಾವೆಲ್ಲ ಓದಿದ ಸಾಲ್ಯಾಗ ನೀರಿನ ಗಡಿಗಿ ಹತ್ರ ನಾ ಬಂದ್ರ ಯಾರು ಎತ್ತಿ ಸುರುವ್ತಿದ್ರು, ನಾ ಬೊಗಸಿ ಹಿಡದು ಎಷ್ಟ್ ಹೊತ್ತು ನಿಲ್ತಿದ್ದೆ, ನಿಮಗ ನೆನಪೈತೋ ಇಲ್ಲೋ. ನನಗೈತಿ. ಆ ಸಾಲಿಗೆ ಅವತ್ತು ಊರವ್ರ ಕಮಿಟಿ ಇದ್ದಿದ್ರ ಅದ್ರಾಗ ಯಾರ್ಯಾರು ಇರ್ತಿದ್ರು ಹೆಸರು ಹಿಡದು ಹೇಳ್ತೀನಿ, ಬ್ಯಾಡ. ಬಾಬಾಸಾಹೇಬ್ರು 1948ರ ನವೆಂಬರಿನಾಗ ಸಂವಿಧಾನ ಸಭಾದಾಗ ಹಳ್ಳಿ ಅಂದ್ರ ಸಂಕುಚಿತತನದ ಗುಂಡಿ ಅಂತ ಸುಮ್ನ ಅನ್ಲಿಲ್ಲ. ದಲಿತ ಹೆಣ್ಮಗಳು ಅಡುಗಿ ಮಾಡಿದ್ರ ಮಕ್ಳಿಗೆ ಟಿಫಿನ್ ಡಬ್ಬಿ ಕಟ್ಟಿ ಕಳಿಸೋ ಊರು ಇವತ್ತಿಗೂ ಅದಾವು

ಮಂಜ್ಯಾ ಡಲ್ಲಾಸ್: ಹನುಮಕ್ಕ ಹೇಳಿದ್ದು ಖರೆ, ಇಲ್ಲೂ ಹಂಗ ಆಗೈತಿ. 1957ರಾಗ ಲಿಟ್ಲ್ ರಾಕ್‌ನ್ಯಾಗ ಒಂಬತ್ತು ಕರಿಯ ಮಕ್ಳನ್ನ ಬಿಳಿಯರ ಹೈಸ್ಕೂಲಿಗೆ ಸೇರಿಸಾಕ ಗವರ್ನರ್ರ ಅಡ್ಡ ನಿಂತ, ಐಸೆನ್‌ಹೋವರ್ ಮಿಲಿಟರಿ ಕಳಿಸಿ ಒಳಗ ಕರ್ಕಂಡು ಹೋಗಿಸಿದ. ಅವತ್ತು ನಮ್ ಸಾಲಿ ನಮ್ ಹಕ್ಕು ಅಂತ ಕೂಗಿದವ್ರು ಯಾರು ಅಂತ ನೋಡಿದ್ರ ಆತು

ವೀರೇಶ ವಕೀಲ: ಇದ ನನ್ ಪಾಯಿಂಟು

ಹನುಮಕ್ಕ ಬಳ್ಳಾರಿ: ನಿನ್ ಪಾಯಿಂಟ್ ಅಲ್ಲ ವೀರೇಶ. ದಿಲ್ಲಿ ದೊಡ್ಡ ಮನಸ್ಸಿಂದ ಕೊಡ್ತೈತಿ ಅಂತ ನಾ ಅನ್ಲಿಲ್ಲ. ಬಿಸಿಯೂಟದ ಅಡುಗಿಯಾಕಿಗೆ ದಿಲ್ಲಿ ಲೆಕ್ಕದಾಗ ತಿಂಗಳಿಗೆ 1,000 ರೂಪಾಯಿ, 2009ರಾಗ ಗೊತ್ತು ಮಾಡಿದ್ದು, ಅದ್ರಾಗೂ ಅವ್ರ ಪಾಲು 600. ಮ್ಯಾಲಿನದೆಲ್ಲ ರಾಜ್ಯ ಹಾಕ್ತೈತಿ. ನಮ್ಮಕ್ಕ ಅದ ಕೆಲಸ ಮಾಡ್ತಾಳ, ಹೊಗಿಯಾಗ ಕಣ್ಣು ಹೋದ್ವು

ರೇಣುಕಾ ಟೀಚರ್: ಮೊಟ್ಟಿ ವಿಷಯ ನೋಡ್ರಿ ಹಂಗಾರ. 2021ರ ಡಿಸೆಂಬರಿನಾಗ ನಮ್ ಕಲ್ಯಾಣ ಕರ್ನಾಟಕದ ಜಿಲ್ಲಾಕ್ಕ, ಜೊತಿಗೆ ವಿಜಯಪುರಕ್ಕ ಮೊದ್ಲು ಕೊಟ್ರು, ಯಾಕಂದ್ರ ಅಪೌಷ್ಟಿಕ ಮಕ್ಳು ಇಲ್ಲೇ ಜಾಸ್ತಿ. ದಿಲ್ಲಿಯವ್ರ ಊಟದ ಪಟ್ಟಿಯಾಗ ಮೊಟ್ಟಿ ಕಡ್ಡಾಯ ಇಲ್ಲ, ಅದು ರಾಜ್ಯದ ತೀರ್ಮಾನ. ಕೆಲವು ಸ್ವಾಮಿಗಳು ಬ್ಯಾಡ ಅಂತ ಎದ್ರು. ಅವಾಗ ಗಂಗಾವತಿ ಹುಡುಗಿ ಒಬ್ಬಾಕಿ ಕ್ಯಾಮೆರಾ ಮುಂದ ನಿಂತು ನಿಮ್ ಮಠಕ್ಕ ಬಂದು ತಿಂತೀವಿ ಅಂತ ಕೇಳಿದ್ದು ಎಲ್ರೂ ನೋಡೀರಿ. ಆ ಮಾತು ದಿಲ್ಲಿಯವ್ರೂ ಆಡ್ಲಿಲ್ಲ ಬೆಂಗಳೂರಿನವ್ರೂ ಆಡ್ಲಿಲ್ಲ. ಹನುಮಕ್ಕ, ನೀ ಹೇಳಿದಂಥ ಊರಾಗನ ಆ ಹುಡುಗಿನೂ ಅದಾಳ

ಹನುಮಕ್ಕ ಬಳ್ಳಾರಿ: ಅದಾಳ. ಆದ್ರ ಮೊಟ್ಟಿಗೆ ಸರ್ಕಾರದ ಆದೇಶ ಇತ್ತು ಅಂತ ಆಕಿ ಮಾತಿಗೆ ಬೆಲಿ ಬಂತು. ಆದೇಶ ಇಲ್ಲಂದಿದ್ರ ಸುಮ್ನ ಮನಿಗೆ ಕಳಿಸ್ತಿದ್ರು

ರೇಣುಕಾ ಟೀಚರ್: ಒಪ್ಪಿದೆ. ಇದನ್ನ ನಾನೂ ಅನ್ನೋದು. ಯಾವ ಮಗೂನ್ನೂ ಹೊರಗ ನಿಲ್ಲಿಸಂಗಿಲ್ಲ, ಎಲ್ರಿಗೂ ಮೊಟ್ಟಿ, ಎಲ್ರಿಗೂ ಒಂದ ಗಡಿಗಿ, ಇದು ಮ್ಯಾಲಿಂದ ಬರ್ಲಿ, ಕೋರ್ಟಿಂದ ಬರ್ಲಿ, ಇದ್ರಾಗ ಊರಿಗೆ ಓಟು ಕೊಡಬಾರ್ದು. ಆದ್ರ ಮಾಸ್ತರ್ ಬಂದ್ನೋ ಇಲ್ಲೋ, ಖಾಲಿ ಹುದ್ದೆ ಯಾವಾಗ ತುಂಬ್ತಾರ, ಹತ್ತಿ ಬಿಡ್ಸೋ ಟೈಮಿನಾಗ ಅರ್ಧ ಕ್ಲಾಸ್ ಖಾಲಿ ಆಗ್ತೈತಿ ಅದಕ್ಕೇನ್ ಮಾಡ್ಬೇಕು, ಅತಿಥಿ ಶಿಕ್ಷಕರ ಪಗಾರ ಯಾಕ ತಿಂಗಳುಗಟ್ಲೆ ಬರಂಗಿಲ್ಲ, ಇದು ಇಲ್ಲೇ ತಾಲೂಕಿನಾಗ ತೀರ್ಮಾನ ಆಗ್ಬೇಕು, ರೊಕ್ಕನೂ ಇಲ್ಲೇ ಇರ್ಬೇಕು, ಕೇಳಾಕ ಒಬ್ಬ ಆರಿಸಿ ಬಂದಾವ ಇರ್ಬೇಕು. ಈಗ ಎಲ್ಲಾ ಉಲ್ಟಾ ಐತಿ. ಹುಲಿಗೆಮ್ಮನ ಹೆಸರು ದಿಲ್ಲಿ ತಿದ್ತೈತಿ, ಊರ ಗೌಡ್ರನ್ನ ಎದುರು ಹಾಕ್ಕೊಳ್ಳೋದು ನಮ್ ಪಾಲಿಗೆ ಬಿಟ್ಟಾರ

ಖಾಜಾ ಗ್ಯಾರೇಜ್: ಆರಿಸಿ ಬಂದಾವ ಅಂದ್ರಿ. ಜಿಲ್ಲಾ ಪಂಚಾಯ್ತಿ ತಾಲೂಕ್ ಪಂಚಾಯ್ತಿ ಎಲೆಕ್ಷನ್ 2016ರಾಗ ಆಗಿದ್ದು. 2021ಕ್ಕ ಅವಧಿ ಮುಗೀತು. ಆವಾಗಿಂದ ಮೆಂಬರ ಇಲ್ಲ. ನಜೀರ್ ಸಾಬ್ರು ಪಂಚಾಯ್ತಿ ಮಂತ್ರಿ ಇದ್ದಾಗ ಜಿಲ್ಲಾ ಪರಿಷತ್ತಿನ ಅಧ್ಯಕ್ಷ ಅಂದ್ರ ಮಾಸ್ತರ್ರು ನಡುಗ್ತಿದ್ರು ಅಂತಿದ್ರು ನಮ್ಮಪ್ಪ. ಈಗ ಯಾರನ್ನ ಬೈಬೇಕು ಅಂತನ ಗೊತ್ತಿಲ್ಲ, ಆಡಳಿತಾಧಿಕಾರಿ ಅಂತ ಒಂದು ಬೋರ್ಡ್ ಐತಿ

ಬಸು ಸಿಂಧನೂರು: ಇದನ್ನ ಮಾಡಿದ್ದು ಎರಡೂ ಪಾರ್ಟಿ, ಗ್ರೂಪಿನಾಗ ರಾಜಕೀಯ ಬ್ಯಾಡ ಅಂತ ಅಡ್ಮಿನ್ ಹೇಳ್ಯಾನ ಅದಕ್ಕ ಮುಂದ ಹೇಳಂಗಿಲ್ಲ

ವೀರೇಶ ವಕೀಲ: ಅಡ್ಮಿನ್ ನೀನ ಅಲ್ಲೇನಲೇ

ಬಸು ಸಿಂಧನೂರು: ಅದಕ್ಕ ಹೇಳಿದ್ದು

ಬಸು ಸಿಂಧನೂರು: ಆತು ಕೇಳ್ರಿ. ನಾಳಿ ಒಂದು ಮನವಿ ಬರೀತೀನಿ, ಹಳೇ ವಿದ್ಯಾರ್ಥಿಗಳ ಹೆಸರಿನಾಗ. ಒಂದು, ಜಿಪಂ ತಾಪಂ ಎಲೆಕ್ಷನ್ ಮಾಡ್ರಿ. ಎರಡು, ನಮ್ ತಾಲೂಕಿನ ಖಾಲಿ ಹುದ್ದೆ ಪಟ್ಟಿ ಸಾಲಿ ಬಾಗ್ಲಿಗೆ ಅಂಟಿಸ್ರಿ, ಯಾವ ವಿಷಯಕ್ಕ ಎಷ್ಟು ವರ್ಷದಿಂದ ಖಾಲಿ ಅಂತ. ಟೀಚರ್ ಹೆಸರು ಹಾಕಂಗಿಲ್ಲ. ವಕೀಲ, ನೀ ತಿದ್ದಿ ಕೊಡು

ವೀರೇಶ ವಕೀಲ: ಕೊಡ್ತೀನಿ. ಆದ್ರ ಅದ್ರಾಗ ಶಿಕ್ಷಣ ರಾಜ್ಯಪಟ್ಟಿಗೆ ವಾಪಸ್ ಬರ್ಲಿ ಅಂತ ಒಂದು ಸಾಲು ತುರುಕಿದ್ರ ನಾ ಸಹಿ ಮಾಡಂಗಿಲ್ಲ

ಬಸು ಸಿಂಧನೂರು: ತುರುಕ್ತೀನಿ

ವೀರೇಶ ವಕೀಲ: ಹಂಗಾರ ಬ್ಯಾರೆ ವಕೀಲನ್ನ ಹುಡುಕ್ಕ