ಬೀಟಾ-ಆಕ್ಟಿನ್ ವಂಶವಾಹಿಯ ನೆಲೆ: ಬ್ಯಾಂಡುಗಳು ಬೇರೆ ಬೇರೆ ವರ್ಣತಂತುಗಳನ್ನು ತೋರಿಸುತ್ತಿವೆ

ಪ್ರಶ್ನೆ:
ಇಲಿಯ ಬೀಟಾ-ಆಕ್ಟಿನ್ (ಜೀವಕೋಶದ ಒಳಚೌಕಟ್ಟಿನ ಒಂದು ಪ್ರೋಟೀನ್) ವಂಶವಾಹಿಯ ನೆಲೆಯನ್ನು ಬ್ಯಾಕ್‌ಕ್ರಾಸ್ ಸಂತತಿಯಲ್ಲಿ ಗುರುತಿಸಲು ಯತ್ನಿಸುತ್ತಿದ್ದೇನೆ. ಸಿ57ಬಿಎಲ್/6 (ಪ್ರಯೋಗಾಲಯದ ಇಲಿ ತಳಿ) ಮತ್ತು ಮಸ್ ಸ್ಪ್ರೆಟಸ್ (ಇನ್ನೊಂದು ಇಲಿ ಪ್ರಭೇದ) ಸಂಕರದಿಂದ ಹುಟ್ಟಿದ ಹೆಣ್ಣುಗಳನ್ನು ಮತ್ತೆ ಸಿ57ಬಿಎಲ್/6 ಗಂಡುಗಳೊಂದಿಗೆ ಕೂಡಿಸಿ ಪಡೆದ ಮರಿಗಳ ಡಿಎನ್‌ಎಯನ್ನು ಕಿಣ್ವದಿಂದ ಕತ್ತರಿಸಿ, ಪೂರ್ಣ ಸಿಡಿಎನ್‌ಎಯನ್ನೇ (ವಂಶವಾಹಿಯ ಆರ್‌ಎನ್‌ಎ ಪ್ರತಿಯಾದ ಎಂಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ನಕಲು) ಪ್ರೋಬ್ ಆಗಿ (ಹೋಲುವ ಅನುಕ್ರಮಕ್ಕೆ ಅಂಟುವ ಗುರುತು ತುಂಡು) ಬಳಸಿ ಸದರ್ನ್ ಬ್ಲಾಟ್ (ಡಿಎನ್‌ಎ ತುಂಡುಗಳನ್ನು ಗಾತ್ರದಂತೆ ಬೇರ್ಪಡಿಸಿ, ಪ್ರೋಬ್ ಅಂಟಿದವನ್ನು ಬ್ಯಾಂಡುಗಳಾಗಿ ತೋರಿಸುವ ವಿಧಾನ) ಮಾಡಿದಾಗ, ಪ್ರತಿ ಲೇನಿನಲ್ಲೂ (ಒಂದು ಮರಿಯ ಮಾದರಿ ಓಡಿದ ಪಟ್ಟಿ) ಲೆಕ್ಕಕ್ಕೆ ಸಿಗದಷ್ಟು ಬ್ಯಾಂಡುಗಳು ಕಾಣುತ್ತಿವೆ. ಸ್ಪ್ರೆಟಸ್‌ಗೆ ಮಾತ್ರ ಸೇರಿದ ಬ್ಯಾಂಡುಗಳಲ್ಲಿ ಒಂದು 5ನೇ ವರ್ಣತಂತುವಿನ ಮಾರ್ಕರುಗಳ (ನೆಲೆ ಮೊದಲೇ ಗೊತ್ತಿರುವ ಗುರುತುಗಳು) ಜೊತೆಗೆ ಸಾಗುತ್ತದೆ. ಉಳಿದವು ಬೇರೆ ವರ್ಣತಂತುಗಳ ಕಡೆ ಹೋಗುತ್ತವೆ. ಯಾವುದನ್ನು ನಂಬಬೇಕು?

ಉತ್ತರ:
ಬ್ಲಾಟ್ ಕೆಟ್ಟಿಲ್ಲ, ಪ್ರೋಬ್ ಅತಿ ಉದಾರವಾಗಿದೆ. ಸಸ್ತನಿಗಳಲ್ಲಿ ಆರು ಆಕ್ಟಿನ್ ವಂಶವಾಹಿಗಳಿದ್ದು, ಅವುಗಳ ಸಂಕೇತ ಭಾಗ ಬಹಳಷ್ಟು ಹೋಲುವುದರಿಂದ, ನಿಮ್ಮ ಸಿಡಿಎನ್‌ಎ 11ನೇ ವರ್ಣತಂತುವಿನ ಗಾಮಾ-ಆಕ್ಟಿನ್, 8ನೆಯದರ ಅಸ್ಥಿಸ್ನಾಯು ಆಕ್ಟಿನ್, 2ನೆಯದರ ಹೃದಯಸ್ನಾಯು ಆಕ್ಟಿನ್ ಎಲ್ಲಕ್ಕೂ ಅಂಟಿಕೊಳ್ಳುತ್ತದೆ. ಇದರ ಮೇಲೆ, ಎಂಆರ್‌ಎನ್‌ಎಯಿಂದ ಹಿಮ್ಮುಖವಾಗಿ ನಕಲಾಗಿ ಜೀನೋಮಿನ ಎಲ್ಲೆಲ್ಲೋ ಸೇರಿಕೊಂಡ ಹುಸಿ ವಂಶವಾಹಿಗಳೂ ಇವೆ. ಅವುಗಳಲ್ಲಿ ಇಂಟ್ರಾನ್ (ಎಂಆರ್‌ಎನ್‌ಎ ಸಿದ್ಧವಾಗುವಾಗ ಕತ್ತರಿಸಿ ಹೋಗುವ ಭಾಗ) ಇರುವುದಿಲ್ಲ ಎಂಬುದೇ ನಿಮಗೆ ಅನುಕೂಲ: ಬೀಟಾ-ಆಕ್ಟಿನ್‌ನ ಇಂಟ್ರಾನಿನಿಂದ, ಪುನರಾವರ್ತಿತ ಅನುಕ್ರಮಗಳನ್ನು ಬಿಟ್ಟು, ಒಂದು ತುಂಡನ್ನು ಪ್ರೋಬ್ ಮಾಡಿಕೊಂಡು ಮತ್ತೆ ಬ್ಲಾಟ್ ಮಾಡಿ. ನಿಜವಾದ ವಂಶವಾಹಿ ಇರುವುದು 5ನೆಯದರಲ್ಲೇ.

ಎಣಿಸುವಾಗ ಒಂದು ಎಚ್ಚರ. ಈ ಸಂಕರದಲ್ಲಿ ಸಿ57ಬಿಎಲ್/6 ಬ್ಯಾಂಡ್ ಎಲ್ಲ ಮರಿಗಳಲ್ಲೂ ಇದ್ದೇ ಇರುತ್ತದೆ. ಸ್ಪ್ರೆಟಸ್ ಬ್ಯಾಂಡ್ ಇದೆಯೋ ಇಲ್ಲವೋ ಎಂಬುದಷ್ಟೇ ಮಾಹಿತಿ.

ಪ್ರಶ್ನೆ:
ಇಂಟ್ರಾನ್ ಪ್ರೋಬ್‌ನಿಂದ ಒಂದೇ ಸ್ಪ್ರೆಟಸ್ ಬ್ಯಾಂಡ್ ಬಂದಿದೆ. ಆದರೆ ಒಂದು ಮರಿಯಲ್ಲಿ, ಎರಡೂ ಪಕ್ಕದ ಹತ್ತಿರದ ಮಾರ್ಕರುಗಳು ಸ್ಪ್ರೆಟಸ್ ರೂಪದಲ್ಲಿದ್ದರೂ ನಡುವಿನ ಈ ವಂಶವಾಹಿ ಮಾತ್ರ ಹಾಗಿಲ್ಲ.

ಉತ್ತರ:
ಅಷ್ಟು ಕಿರಿದಾದ ಅಂತರದಲ್ಲಿ ಎರಡು ವಿನಿಮಯಗಳು (ಜೋಡಿ ವರ್ಣತಂತುಗಳು ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುವುದು) ಆಗುವುದು ತೀರಾ ಅಪರೂಪವಾದ್ದರಿಂದ ಮೊದಲು ಆ ಲೇನನ್ನೇ ಶಂಕಿಸಿ. ಡಿಎನ್‌ಎ ಕಡಿಮೆ ಬಿದ್ದಿದ್ದರೆ ಮಸುಕಾದ ಬ್ಯಾಂಡ್ ಕಣ್ಣಿಗೆ ಬೀಳದಿರಬಹುದು. ಅದೇ ಮಾದರಿಯನ್ನು ಮತ್ತೆ ಕತ್ತರಿಸಿ ನೋಡಿ. ಆಮೇಲೆ ದೂರವನ್ನು ಬರೆಯುವಾಗ ದೋಷಮಿತಿಯನ್ನೂ ಸೇರಿಸಿ: 94 ಮರಿಗಳಲ್ಲಿ 6 ಪುನಃಸಂಯೋಜಿತಗಳಿದ್ದರೆ (ವಂಶವಾಹಿ ಮತ್ತು ಮಾರ್ಕರಿನ ನಡುವೆ ವಿನಿಮಯವಾದ ಮರಿಗಳು) ದೂರ 6.4 ಸೆಂಟಿಮಾರ್ಗನ್ (ನೂರು ಮರಿಗಳಿಗೆ ಒಂದು ಪುನಃಸಂಯೋಜಿತ ಎಂದರೆ ಒಂದು ಸೆಂಟಿಮಾರ್ಗನ್), ಪ್ರಮಾಣ ದೋಷ ಸುಮಾರು 2.5. ಹೀಗಿರುವಾಗ ಮಾರ್ಕರುಗಳ ಕ್ರಮವನ್ನು ದೂರದಿಂದಲ್ಲ, ಪುನಃಸಂಯೋಜಿತ ಮರಿಗಳ ಹ್ಯಾಪ್ಲೋಟೈಪ್‌ಗಳನ್ನು (ಒಂದೇ ವರ್ಣತಂತುವಿನ ಮಾರ್ಕರುಗಳ ರೂಪಗಳ ಸಾಲು) ಒಂದೊಂದಾಗಿ ಹೋಲಿಸಿ ನಿರ್ಧರಿಸಬೇಕು.