‘ಉಳಿಸಿ’ ಪಕ್ಕದಲ್ಲಿ ‘ಅಳಿಸಿ’: ಬೇರೆ ಪದ ಬೇಕಿದೆ

ಎಲ್ಲರಿಗೂ ನಮಸ್ಕಾರ.

ನನ್ನದೊಂದು ಪುಟ್ಟ ಜಾಲತಾಣ ಇದೆ. ಮನೆಯವರು, ನೆಂಟರು ಬರೆದದ್ದನ್ನೆಲ್ಲ ಅಲ್ಲಿ ಹಾಕುತ್ತೇನೆ. ಬರೆಯುವ ಪುಟವನ್ನು ನಾನೇ ಕೂತು ಮಾಡಿದ್ದು. ಒಂದು ಗುಂಡಿಯೂ ಇಂಗ್ಲಿಷಿನಲ್ಲಿ ಇರಬಾರದು ಅಂತ ಹಟ ಇತ್ತು. ಬರಹದ ಪೆಟ್ಟಿಗೆಯ ಕೆಳಗೆ ಎರಡು ಗುಂಡಿ, ಅಕ್ಕಪಕ್ಕ: ‘ಉಳಿಸಿ’, ‘ಅಳಿಸಿ’. ಹೆಚ್ಚಿನ ಕನ್ನಡ ತಂತ್ರಾಂಶಗಳಲ್ಲಿ ಇರುವ ಪದಗಳೇ ಇವು. ಎರಡನೇ ಸಲ ಯೋಚನೆ ಮಾಡಿರಲಿಲ್ಲ.

ಹೋದ ವಾರ ನಮ್ಮ ದೊಡ್ಡಮ್ಮ ಹಲಸಿನ ಹಪ್ಪಳದ ಬಗ್ಗೆ ಬರೆಯಲು ಕೂತರು. ಫೋನಿನಲ್ಲಿ, ಒಂದೇ ಬೆರಳಲ್ಲಿ. ಕಾಯಿ ಎಷ್ಟು ಬಲಿತಿರಬೇಕು, ತೊಳೆಯನ್ನು ಹಬೆಯಲ್ಲಿ ಬೇಯಿಸಿ ಬಿಸಿ ಇರುವಾಗಲೇ ಯಾಕೆ ಕುಟ್ಟಬೇಕು, ಮೋಡ ಕಟ್ಟಿದರೆ ಏನು ಮಾಡಬೇಕು, ಎಲ್ಲ ಬರೆದರಂತೆ. ಒಂದು ಗಂಟೆಗೂ ಜಾಸ್ತಿ ಹಿಡಿದಿತ್ತು. ಕೊನೆಗೆ ಒತ್ತಿದ್ದು ‘ಅಳಿಸಿ’. ಪುಟ ಕೇಳಿತು: ‘ನಿಜವಾಗಿಯೂ ಅಳಿಸಲೇ?’ ಅವರು ಅದನ್ನು ‘ಉಳಿಸಲೇ?’ ಅಂತ ಓದಿಕೊಂಡು ‘ಹೌದು’ ಒತ್ತಿದರು. ನನ್ನ ತಾಣ ತನ್ನ ನಕಲನ್ನು ರಾತ್ರಿ ಒಂದು ಸಲ ಮಾತ್ರ ತೆಗೆದಿಡುತ್ತದೆ. ಇದು ಬೆಳಗ್ಗಿನ ಬರಹ. ಪೂರ್ತಿ ಹೋಯಿತು.

ಫೋನ್ ಮಾಡಿ ಹೇಳಿದರು, “ಎರಡೂ ಒಂದೇ ಥರ ಬರೆದಿಟ್ಟಿದ್ದೀಯಲ್ಲೋ. ಕನ್ನಡಕ ಹಾಕಿಕೊಂಡೇ ನೋಡಿದೆ ನಾನು.”

ಅವರು ಹೇಳಿದ್ದು ಸರಿ. ‘ಳಿಸಿ’ ಎರಡಕ್ಕೂ ಒಂದೇ, ತಲೆಯಲ್ಲಿ ಮಾತ್ರ ಅ ಮತ್ತು ಉ. ಕೀಲಿಮಣೆಯಲ್ಲಿ ಟೈಪ್ ಮಾಡುವಾಗಲೂ ಮೊದಲ ಕೀಲಿ ಒಂದೇ ಬೇರೆ. ಓದುವಾಗ ನಾವು ಒಂದೊಂದೇ ಅಕ್ಷರ ಕೂಡಿಸಿ ಓದುವುದಿಲ್ಲ, ಇಡೀ ಪದವನ್ನು ಒಟ್ಟಿಗೆ ನೋಡಿ ಮುಂದೆ ಹೋಗುತ್ತೇವೆ. ಇಂಗ್ಲಿಷಿನ ಸೇವ್, ಡಿಲೀಟ್ ಈ ಥರ ಗೊಂದಲ ಮಾಡುವುದಿಲ್ಲ. ಆ ಎರಡು ಪದಗಳಿಗೆ ಉದ್ದದಲ್ಲೂ ಹೋಲಿಕೆ ಇಲ್ಲ.

ಹಾಗಂತ ಈ ಜೋಡಿಯ ಮೇಲೆ ನನಗೆ ಸಿಟ್ಟಿಲ್ಲ. ಎಷ್ಟು ಚೆಂದದ ಜೋಡಿ ಅಲ್ವಾ ಇದು! ‘ಅಳಿವು ಉಳಿವಿನ ಪ್ರಶ್ನೆ’ ಅನ್ನುತ್ತೇವೆ. ರಾತ್ರಿ ಪಾತ್ರೆಯ ತಳದಲ್ಲಿ ಇರುವುದನ್ನು ‘ಅಳಿದುಳಿದದ್ದು’ ಅನ್ನುತ್ತೇವೆ. ಹೋದದ್ದು, ಇದ್ದದ್ದು ಎರಡೂ ಒಂದೇ ಪದದಲ್ಲಿ ಕೂತಿವೆ. ಹಳಗನ್ನಡದಲ್ಲಿ ೞ ಅಂತ, ಈಗ ಳ ಆಗಿರುವ ಬೇರೆ ಅಕ್ಷರ ಇತ್ತಲ್ಲ, ಅದರಿಂದಾದರೂ ಬೇರೆ ಆಗುತ್ತಿತ್ತೇನೋ ಅಂತ ನೋಡಿದೆ. ಇಲ್ಲ, ಅೞಿ, ಉೞಿ ಎರಡಕ್ಕೂ ಅದೇ ಅಕ್ಷರ. ಅೞು, ಅಂದರೆ ಈಗಿನ ಅಳು, ಅದಕ್ಕೂ ಅದೇ. ‘ಮಗುವನ್ನು ಅಳಿಸಬೇಡ’ ಅನ್ನುವಾಗಿನ ಅಳಿಸು ಹುಟ್ಟಿದ್ದು ಆ ಅಳುವಿನಿಂದ. ಜೋಡಿಯಾಗಿ ಮಾತಾಡುವಾಗ ಈ ಹೋಲಿಕೆಯೇ ಸೊಗಸು. ಗುಂಡಿಗಳ ಮೇಲೆ ಬಂದಾಗ ಅದೇ ಅಪಾಯ.

‘ಉಳಿಸಿ’ಯನ್ನು ಬಿಡಲು ನನಗೆ ಮನಸ್ಸಿಲ್ಲ. ದುಡ್ಡು ಉಳಿಸು, ಜೀವ ಉಳಿಸು, ಮಾತು ಉಳಿಸಿಕೊ, ಎಲ್ಲದರಲ್ಲೂ ಹೋಗಿಬಿಡಬಹುದಾಗಿದ್ದನ್ನು ತಡೆದು ಇಟ್ಟುಕೊಂಡ ಅರ್ಥ ಇದೆ. ಕರೆಂಟು ಹೋದರೆ ಹೋಗಿಬಿಡುವ ಬರಹಕ್ಕೆ ಅದು ಸರಿಯಾಗಿ ಹೊಂದುತ್ತದೆ. (‘ಎಲೆಯಲ್ಲಿ ಅನ್ನ ಉಳಿಸಬೇಡ’ ಅನ್ನುವಾಗ ಅರ್ಥ ಬೇರೆ. ಆದರೆ ಆ ನೆನಪು ಗುಂಡಿ ಒತ್ತುವಾಗ ಯಾರಿಗೂ ಬರಲಿಕ್ಕಿಲ್ಲ.) ಹಾಗಾಗಿ ಬದಲಾಗಬೇಕಾದದ್ದು ‘ಅಳಿಸಿ’.

ದೊಡ್ಡಮ್ಮನನ್ನೇ ಕೇಳಿದೆ. ಅವರು ಇನ್ನೊಂದು ತುದಿಯಿಂದ ಶುರು ಮಾಡಿದರು. “ಉಳಿಸು ಯಾಕೆ, ತೆಗೆದಿಡು ಅಂತ ಹಾಕು. ಉಪ್ಪಿನಕಾಯಿ ತೆಗೆದಿಡಲ್ವಾ?” ಕೇಳಿ ಖುಷಿಯಾಯಿತು. ಆದರೆ ಡಿಲೀಟ್‌ಗೆ ನಾನು ಅಂದುಕೊಂಡಿದ್ದು ‘ತೆಗೆದುಹಾಕು’. ಮತ್ತೆ ಅದೇ ಕಥೆ! ತೆಗೆದಿಡು, ತೆಗೆದುಹಾಕು. ಈ ಸಲ ತಲೆ ಒಂದೇ, ಬಾಲ ಬೇರೆ. ‘ತೆಗೆ’ ಅನ್ನುವುದಕ್ಕೆ ಸ್ವಂತ ದಿಕ್ಕಿಲ್ಲ. ‘ಇಡು’ ಸೇರಿದರೆ ಜೋಪಾನ, ‘ಹಾಕು’ ಸೇರಿದರೆ ಆಚೆಗೆ. ‘ಎತ್ತಿಡು’ ಕೂಡ ಒಳ್ಳೆಯ ಅಡುಗೆಮನೆ ಮಾತು, ಆದರೆ ಗುಂಡಿಯ ಮೇಲೆ ನೋಡಿದರೆ ಎಲ್ಲಿಗೋ ಎತ್ತಿ ಕಳಿಸುತ್ತಾರೆ ಅನ್ನಿಸೀತು.

ನಾನು ಯೋಚಿಸಿದ ಬೇರೆ ಪದಗಳು ಕೆಲವಿವೆ. ‘ಒರೆಸು’ ನನಗೆ ಇಷ್ಟ. ಸ್ಲೇಟು ಒರೆಸಿದ ಹಾಗೆ. ಆದರೆ ಸ್ಲೇಟಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ, ಒಂದು ಕಡತವನ್ನು ಮಾತ್ರ ಒರೆಸುವುದು ಹೇಗೆ? ‘ಹೊಡೆದುಹಾಕು’ ಪಟ್ಟಿಯಿಂದ ಹೆಸರು ತೆಗೆಯಲು ಬಳಕೆಯಲ್ಲಿದೆ, ಆದರೆ ಒರಟು. ‘ರದ್ದು’ ಬೇಡ. ಅದು ಮಾಡುತ್ತಿದ್ದ ಕೆಲಸ ನಿಲ್ಲಿಸಲು ಬೇಕು, ಕ್ಯಾನ್ಸಲ್‌ಗೆ ಅದೇ ಇರಲಿ. ‘ಒಗಿ’ ಅಂದರೆ ಧಾರವಾಡ ಕಡೆಯವರಿಗೆ ಎಸೆಯುವುದು, ಮೈಸೂರು ಕಡೆಯವರು ‘ಒಗೆ’ ಅಂದರೆ ಬಟ್ಟೆ ಒಗೆಯುವುದು. ‘ಬಿಸಾಕು’ ಎಲ್ಲರಿಗೂ ತಿಳಿಯುತ್ತದೆ, ಅದರ ಜೊತೆ ಸ್ವಲ್ಪ ಸಿಟ್ಟೂ ಬರುತ್ತದೆ.

ಇದನ್ನೆಲ್ಲ ಯೋಚಿಸುವಾಗ ಇನ್ನೊಂದು ಹೊಳೆಯಿತು. ‘ಅಳಿ’ ಅಂದರೆ ಮತ್ತೆ ಬಾರದ ಹಾಗೆ ಹೋಗುವುದು. ಈಗಿನ ಹಲವು ತಂತ್ರಾಂಶಗಳಲ್ಲಿ ಮೊದಲ ಸಲ ಆಗುವುದು ಅದಲ್ಲ. ಜಾಲತಾಣ ನಡೆಸಲು ಬಳಸುವ ವರ್ಡ್‌ಪ್ರೆಸ್‌ನಲ್ಲಿ ತೆಗೆದ ಬರಹ ಸಾಮಾನ್ಯವಾಗಿ 30 ದಿನ ಕಸದಬುಟ್ಟಿಯಲ್ಲಿ ಇರುತ್ತದೆ, ಬೇಕಾದರೆ ವಾಪಸ್ ತರಬಹುದು. ಅಂದಮೇಲೆ ಆ ಗುಂಡಿಗೆ ‘ಅಳಿಸಿ’ ಅನ್ನುವುದೇ ತಪ್ಪು ಮಾತು. ಗುಂಡಿಯ ಮಾತು ಆಗುವ ಕೆಲಸವನ್ನೇ ಹೇಳಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ ‘ಸೇವ್’ ಇದ್ದ ಕಡೆ ‘ಪಬ್ಲಿಷ್’ ಬಂದದ್ದೂ ಇದಕ್ಕೇ. ಒತ್ತಿದ ಕೂಡಲೇ ಬರಹ ಎಲ್ಲರಿಗೂ ಕಾಣುತ್ತದೆ ಅನ್ನುವುದು ಹೊಸಬರಿಗೆ ‘ಸೇವ್’ನಿಂದ ತಿಳಿಯುತ್ತಿರಲಿಲ್ಲ.

ಹಾಗಾಗಿ ಮೊನ್ನೆ ರಾತ್ರಿ ಕೂತು ನನ್ನ ತಾಣದಲ್ಲೂ ಕಸದಬುಟ್ಟಿ ಮಾಡಿದೆ. ಈಗ ಎಡಕ್ಕೆ ‘ಉಳಿಸಿ’, ದೂರದಲ್ಲಿ ಬಲತುದಿಗೆ ‘ಬುಟ್ಟಿಗೆ ಹಾಕಿ’. ದೊಡ್ಡಮ್ಮ ನೋಡಿ “ಇದು ತಿಳಿಯುತ್ತೆ” ಅಂದರು. ಹಪ್ಪಳದ ಬರಹವನ್ನು ಅವರು ಫೋನಿನಲ್ಲಿ ಹೇಳುತ್ತಾ ಹೋದರು, ನಾನು ಟೈಪ್ ಮಾಡಿದೆ.

ಉಳಿದಿರುವುದು ಬುಟ್ಟಿಯ ಒಳಗಿನ ಗುಂಡಿ. ಅಲ್ಲಿ ಒತ್ತಿದರೆ ನಿಜವಾಗಿಯೂ ಹೋಗುತ್ತದೆ. ಅಲ್ಲಿ ‘ಉಳಿಸಿ’ ಇಲ್ಲ, ಪಕ್ಕದಲ್ಲಿ ‘ವಾಪಸ್ ತನ್ನಿ’ ಇದೆ. ಹಾಗಿದ್ದರೆ ‘ಅಳಿಸಿ’ಯನ್ನೇ ಇಡಬಹುದೇ? ಅಥವಾ ಅದಕ್ಕಿಂತ ಸಲೀಸಾದ ಮಾತು ನಿಮ್ಮ ಕಡೆ ಇದೆಯೇ? ಶಾಲೆಯಲ್ಲಿ ಸ್ಲೇಟಿನ ಮೇಲಿನ ಒಂದೇ ಒಂದು ತಪ್ಪು ಅಕ್ಷರವನ್ನು ಬೆರಳಿಗೆ ಎಂಜಲು ಹಚ್ಚಿ ತೆಗೆಯುತ್ತಿದ್ದೆವಲ್ಲ, ಅದಕ್ಕೆ ನಿಮ್ಮೂರಲ್ಲಿ ಏನು ಹೇಳುತ್ತಿದ್ದರು? ಕರಾವಳಿ, ಬಯಲುಸೀಮೆ, ಬೀದರ್, ಕಲಬುರಗಿ ಕಡೆಯವರು ದಯವಿಟ್ಟು ತಿಳಿಸಿ. ಊರಿನ ಹೆಸರೂ ಜೊತೆಗೆ ಇರಲಿ.